ಕುಯ್ಲಿಗೆ ಹೋಗಬಹುದಾ?

ಪ್ರಶ್ನೆ: ನನಗೆ 46 ವರ್ಷ. ಸೋಮವಾರಪೇಟೆ ಹತ್ತಿರದ ಹಳ್ಳಿ. ಸ್ತನ ಕ್ಯಾನ್ಸರಿಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ವರ್ಷವಾಯಿತು. ಎಡ ಕಂಕುಳಿನ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಿದ್ದಾರೆ. ಈಚೆಗೆ ಸಂಜೆಯಾದರೆ ಆ ಕೈ ಭಾರವಾಗಿ ಊದುತ್ತದೆ. ಸುಸ್ತು ಬೇರೆ. ಅರೇಬಿಕಾ ಕಾಫಿ ಹಣ್ಣಾಗುತ್ತಿದೆ, ಅತ್ತೆ ಮಾತ್ರ ತೋಟಕ್ಕೆ ಬಿಡುತ್ತಿಲ್ಲ. ಸುಮ್ನೆ ಕೂತು ತಲೆ ಕೆಡುತ್ತಿದೆ. ಕುಯ್ಲಿಗೆ ಹೋಗಬಹುದಾ?

ಉತ್ತರ: ಹೋಗಿ. ಆದರೆ ಮೊದಲು ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಕೈ ತೋರಿಸಿ. ಕಂಕುಳಿನ ಗಂಟು ತೆಗೆದಾಗ ಕೈಯಿಂದ ನೀರು ಇಳಿಯುವ ದಾರಿ ಕಡಿಮೆಯಾಗುತ್ತದೆ. ಅದರಿಂದ ಬರುವ ಊತವೇ ಲಿಂಫೆಡಿಮಾ. ಆಪರೇಷನ್ ಆಗಿ ವರ್ಷಗಳಾದ ಮೇಲೂ ಬರಬಹುದು. ರಕ್ತ ಹೆಪ್ಪುಗಟ್ಟಿದರೂ ಕೈ ಊದುತ್ತದೆ, ಅದಕ್ಕೇ ಪರೀಕ್ಷೆ ಬೇಕು. ಲಿಂಫೆಡಿಮಾ ಅಂತಾದರೆ ಅಳತೆ ತೆಗೆದು ಇಡೀ ತೋಳಿಗೆ ಹಾಕುವ ಬಿಗಿಯಾದ ಪಟ್ಟಿ (ಕಂಪ್ರೆಷನ್ ಸ್ಲೀವ್) ಕೊಡಿಸುತ್ತಾರೆ. ಯಾರೋ ಬಳಸಿದ್ದನ್ನು ಹಾಕಿಕೊಳ್ಳಬೇಡಿ.

ನಾನು ಫಿಸಿಯೋಥೆರಪಿಸ್ಟ್, ತೋಟದ ಮನೆಯಲ್ಲೇ ಬೆಳೆದವಳು. 'ಆ ಕೈ ಆಡಿಸಲೇಬೇಡ' ಎಂಬ ಬುದ್ಧಿಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸ್ನಾಯು ಆಡಿದರೇ ನೀರು ಮೇಲಕ್ಕೆ ಸಾಗುವುದು. ಹಣ್ಣು ಕುಯ್ಯುವಾಗ ಬೆರಳು, ಮಣಿಕಟ್ಟು, ಭುಜ ಎಲ್ಲವೂ ಆಡುತ್ತವೆ, ಅಲ್ವಾ? ಮೊದಲ ದಿನ ಅರ್ಧ ಗಂಟೆ ಸಾಕು. ಮಾರನೇ ದಿನ ಊತ ಜಾಸ್ತಿ ಆಗಿಲ್ಲವೆಂದರೆ ಸ್ವಲ್ಪ ಸ್ವಲ್ಪ ಹೊತ್ತು ಏರಿಸಿ. ನಡುವೆ ಕೂತು ಕೈ ಎತ್ತಿ ಮುಷ್ಟಿ ಬಿಗಿದು ಬಿಡಿ. ತುಂಬಿದ ಮೂಟೆ ಬೇರೆಯವರು ಹೊರಲಿ.

ನನಗೆ ಭಯ ಇರುವುದು ಗೀರು, ಕಡಿತದ ಬಗ್ಗೆ. ಆ ಕೈಯಲ್ಲಿ ಸೋಂಕು ಬೇಗ ಹರಡುತ್ತದೆ. ಗಿಡದಲ್ಲಿ ಚಗಳಿ (ಕೆಂಪಿರುವೆ) ಇದ್ದರಂತೂ ನಿಮಗೇ ಗೊತ್ತು. ಗಂಡನ ಹಳೇ ತುಂಬುತೋಳಿನ ಶರ್ಟು, ಗ್ಲೌಸ್ ಹಾಕಿಕೊಳ್ಳಿ. ಸಣ್ಣ ಗಾಯವಾದರೂ ಸೋಪಿನಲ್ಲಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. 'ಕುಯ್ಲು ಮುಗೀಲಿ' ಅನ್ನಬೇಡಿ. ಮಳೆಗಾಲದಲ್ಲಿ ಜಿಗಣೆ ಕಡಿದರೂ ಇದೇ ಲೆಕ್ಕ.

ಇನ್ನು ಸುಸ್ತು. ಚಿಕಿತ್ಸೆ ಮುಗಿದ ಮೇಲೂ ಅದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ಸೋಮಾರಿತನ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ. ರಕ್ತ ಕಡಿಮೆಯಾಗಿದೆಯಾ, ಥೈರಾಯ್ಡ್ ಹೇಗಿದೆ, ಪರೀಕ್ಷೆ ಮಾಡಿಸಿ. ಅದೆಲ್ಲ ಸರಿಯಿದ್ದರೆ ದಿನಾ ನಡೆಯುವುದೇ ಒಳ್ಳೆಯ ಮದ್ದು. ವಿಚಿತ್ರ ಅನ್ನಿಸಬಹುದು, ಮಲಗಿದಷ್ಟೂ ಈ ಸುಸ್ತು ಏರುತ್ತದೆ.

ಅತ್ತೆಯವರಿಗೆ ನಿಮ್ಮ ಬಗ್ಗೆ ಹೆದರಿಕೆ, ಅಷ್ಟೇ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಕೇಳಬೇಕಾದ್ದನ್ನು ಅವರೇ ಕೇಳಲಿ.