ಕುರಿ ಈಯಲು ಕಷ್ಟಪಡುವಾಗ ಮರಿಯನ್ನು ಎಷ್ಟು ಜೋರಾಗಿ ಎಳೆಯಬಹುದು? ಹಗ್ಗ ಕಟ್ಟಬಹುದಾ?

ಏಳು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಪಕ್ಕದ ಮನೆ ಅಜ್ಜಿಯನ್ನು, ರಾತ್ರಿ ಹತ್ತು ಗಂಟೆಗೆ, ಕೈಯೆಲ್ಲ ರಕ್ತ ಮಾಡಿಕೊಂಡು. ಅಷ್ಟರಲ್ಲಿ ಹಗ್ಗ ಕಟ್ಟಿ ಎಳೆದೂ ಆಗಿತ್ತು.

ನಮ್ಮದು ಕಡೂರು ತಾಲ್ಲೂಕು. ಚಿಕ್ಕಮಗಳೂರು ಅಂದ ತಕ್ಷಣ ಎಲ್ಲರಿಗೂ ಕಾಫಿ ತೋಟ, ಮಂಜು ನೆನಪಾಗುತ್ತದೆ. ನಮ್ಮ ಕಡೆ ತೆಂಗು, ರಾಗಿ, ಜಾಲಿ, ಕುರಿ, ಅಷ್ಟೇ. ಅಪ್ಪನ ಕಾಲದಿಂದಲೂ ನಾಟಿ ಕುರಿ. ಅವು ಬಹುಪಾಲು ಒಂದೇ ಮರಿ ಹಾಕುತ್ತವೆ. ಹೊಲದಲ್ಲಿ ಮೇಯುತ್ತಲೇ ಈದು, ಸಂಜೆಗೆ ಮರಿ ಅಪ್ಪನ ಕಂಬಳಿಯಲ್ಲಿ ರೊಪ್ಪಕ್ಕೆ ಬರುತ್ತಿತ್ತು. ಅಪ್ಪ ಕುರಿಯೊಳಗೆ ಕೈ ಹಾಕಿದ್ದನ್ನು ನಾನು ನೋಡಿದ್ದೇ ಎರಡೋ ಮೂರೋ ಸಲ.

ಆ ವರ್ಷ ನಾನು ಹೊಸದಾಗಿ ನಾರಿ ಸುವರ್ಣ ರಕ್ತದ ಎರಡು ಹೆಣ್ಣು ಕುರಿ ತಂದಿದ್ದೆ. ಮಹಾರಾಷ್ಟ್ರದ ಫಲ್ಟಣ್‌ನಲ್ಲಿ ಬೆಳೆಸಿದ ತಳಿ ಅದು. ಬಂಗಾಳದ ಸುಂದರಬನದ ಕಡೆ ಗ್ಯಾರೋಲ್ ಅಂತ ಪುಟ್ಟ ಕುರಿ ಇದೆ, ಅದರ ಅವಳಿ ಹಾಕುವ ಗುಣವನ್ನು ಡೆಕ್ಕನಿ ಕುರಿಗೆ ತಂದಿದ್ದಾರೆ. ಅವಳಿ ಸಿಗುತ್ತದೆ ಅಂತಲೇ ಜಾಸ್ತಿ ದುಡ್ಡು ಕೊಟ್ಟವನು ನಾನು. ಈಯುವ ಹೊತ್ತಿಗೆ ಅದನ್ನೇ ಮರೆತಿದ್ದೆ ನೋಡಿ.

ಸಂಜೆಯಿಂದ ಕುರಿ ಒಂದು ಮೂಲೆಗೆ ಹೋಗಿ ನೆಲ ಕೆರೆಯುತ್ತಿತ್ತು, ಏಳುತ್ತಿತ್ತು, ಮಲಗುತ್ತಿತ್ತು. ಎಂಟು ಗಂಟೆಗೆ ನೀರಿನ ಚೀಲ ಒಡೆಯಿತು. ಒಂದು ಗಂಟೆ ತಿಣುಕಿದರೂ ಏನೂ ಇಲ್ಲ. ಆಮೇಲೆ ಎರಡು ಗೊರಸು ಕಾಣಿಸಿದವು. ಕರೆಂಟ್ ಬೇರೆ ಇರಲಿಲ್ಲ, ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಗೊರಸಿನ ತಳ ಕೆಳಗೆ ಮುಖ ಮಾಡಿತ್ತು. ಮುಂಗಾಲೇ ಇರಬೇಕು, ಸರಿಯಾಗಿಯೇ ಬರುತ್ತಿದೆ ಅಂದುಕೊಂಡೆ. ಹಿಡಿದು ಎಳೆದೆ. ಬರಲಿಲ್ಲ. ಗೋಣಿದಾರ ಕಟ್ಟಿ ಎಳೆದೆ. ಆಗಲೂ ಬರಲಿಲ್ಲ. ತಮ್ಮನನ್ನು ಕರೆದು, ಅವನು ಕುರಿ ಹಿಡಿದ, ನಾನು ಕಾಲು ಕೊಟ್ಟು ಎಳೆದೆ.

ತಪ್ಪು ಎಲ್ಲಿ ಆಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ನಿಂತಿದ್ದೀರಿ. ಕಾಲು ಎರಡು, ಹಾಗಾಗಿ ಮರಿ ಒಂದು ಅಂತ ಲೆಕ್ಕ ಹಾಕಿದೆ. ನಿಜವಾಗಿ ಒಂದು ಕಾಲು ಒಂದು ಮರಿಯದು, ಇನ್ನೊಂದು ಇನ್ನೊಂದರದು. ಒಂದೇ ಬಾಗಿಲಲ್ಲಿ ಇಬ್ಬರನ್ನೂ ಒಟ್ಟಿಗೆ ಎಳೆಯುತ್ತಿದ್ದೆ. ಎಳೆದಷ್ಟೂ ಸಿಕ್ಕಿಕೊಂಡಿತು. ನಾನು ಮಾಡಬೇಕಾಗಿದ್ದು ಎರಡು ನಿಮಿಷದ ಕೆಲಸ. ಒಂದು ಗೊರಸು ಹಿಡಿದು ಬೆರಳನ್ನು ಮೇಲಕ್ಕೆ ಜಾರಿಸಬೇಕು. ಗೊರಸಿನ ಮೇಲಿನ ಗಂಟು, ಮಂಡಿ, ಭುಜ. ಮುಂಗಾಲಾದರೆ ಗಂಟು, ಮಂಡಿ ಎರಡೂ ಒಂದೇ ಕಡೆ ಮಡಚುತ್ತವೆ, ಹಿಂಗಾಲಾದರೆ ಒಂದಕ್ಕೊಂದು ಎದುರು. ಭುಜ ಸಿಕ್ಕ ಮೇಲೆ ಎದೆ ದಾಟಿ ಆ ಕಡೆ ಭುಜಕ್ಕೆ ಹೋಗಿ, ಅಲ್ಲಿಂದ ಕೆಳಗೆ ಇಳಿಯಬೇಕು. ಆಗ ಸಿಗುವ ಗೊರಸು ಹೊರಗೆ ಕಾಣುತ್ತಿರುವ ಆ ಇನ್ನೊಂದು ಗೊರಸೇನಾ? ಅಲ್ಲ ಅಂದರೆ ನಿಲ್ಲಿಸಿ. ತಲೆಯನ್ನೂ ಹಾಗೆಯೇ ಅದೇ ಭುಜದಿಂದ ಕತ್ತು ಹಿಡಿದು ಹುಡುಕಬೇಕು, ಕೆಲವು ಸಲ ಅದು ಹಿಂದಕ್ಕೆ ತಿರುಗಿರುತ್ತದೆ. ನಾನು ಇದ್ಯಾವುದನ್ನೂ ಮಾಡಲಿಲ್ಲ. ಗೊತ್ತಿಲ್ಲದೆ ಅಲ್ಲ. ಕೈ ಒಳಗೆ ಹೋದರೆ ಕುರಿಗೆ ನೋವಾಗುತ್ತದೆ ಅಂತ! ನೋವಾಗಬಾರದು ಅಂತ ಹೊರಗಿನಿಂದ ಹಗ್ಗ ಹಾಕಿ ಎಳೆದವನು ನಾನು.

ಅಜ್ಜಿ ಬಂದು ಬಳೆ ತೆಗೆದಿಟ್ಟು, ಸೋಪು ಹಚ್ಚಿ ಮೊಣಕೈವರೆಗೂ ತೊಳೆದು, ಕೊಬ್ಬರಿ ಎಣ್ಣೆ ಸುರಿದುಕೊಂಡರು. ಅವರ ಕೈ ಸಣ್ಣದು, ಸಲೀಸಾಗಿ ಒಳಗೆ ಹೋಯಿತು. "ಇವು ಒಂದೇ ಮರೀವಲ್ಲ ಕಣೋ, ಬಿಡೋ ಹಗ್ಗ" ಅಂದರು. ಹಿಂದಿನ ಮರಿಯನ್ನು ಒಳಕ್ಕೆ ತಳ್ಳಿ, ಮುಂದಿನದರ ಇನ್ನೊಂದು ಕಾಲು ಹುಡುಕಿ ತಂದರು. ಅದು ಸತ್ತಿತ್ತು. ಎರಡನೆಯದು ಹೆಣ್ಣು, ಬದುಕಿತ್ತು. ಬೆಳಿಗ್ಗೆ ಡಾಕ್ಟರ್ ಬಂದು ಗರ್ಭಚೀಲ ಹರಿದಿದೆ ಅಂದರು. ಮಧ್ಯಾಹ್ನಕ್ಕೆ ಕುರಿ ಹೋಯಿತು.

ಹಾಗಾಗಿ ಎಷ್ಟು ಜೋರು ಅನ್ನುವ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ. ಬೇಜಾರಾಗಬೇಡಿ. ಕಷ್ಟದ ಹೆರಿಗೆಯಲ್ಲಿ ಮೊದಲ ಕೆಲಸ ಎಳೆಯುವುದಲ್ಲ, ಒಳಕ್ಕೆ ತಳ್ಳುವುದು. ಕುರಿ ತಿಣುಕುವಾಗ ಸುಮ್ನೆ ಇರಿ, ಬಿಟ್ಟಾಗ ನಿಧಾನವಾಗಿ ತಳ್ಳಿ. ಒಳಗೆ ಜಾಗ ಆದಮೇಲೆ ಕಾಲು ತಿರುಗಿಸಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ತನ್ನಿ, ಇಲ್ಲದಿದ್ದರೆ ಅದೇ ಗರ್ಭಚೀಲ ಸೀಳುತ್ತದೆ. ಎರಡು ಕಾಲು, ನಡುವೆ ಮೂತಿ ಸಿಕ್ಕ ಮೇಲೆ ಕುರಿ ತಿಣುಕಿದಾಗ ಮಾತ್ರ ಅದರ ಹಿಂಗಾಲಿನ ಕಡೆಗೆ, ಕೆಳಮುಖವಾಗಿ ಎಳೆಯಿರಿ. ಶುದ್ಧವಾದ ಮೆತ್ತನೆಯ ದಾರ ಕಟ್ಟಿದರೆ ತಪ್ಪಿಲ್ಲ, ಆದರೆ ತಳ್ಳುವಾಗ ಕಾಲು ಕಳೆದುಹೋಗದಿರಲಿ ಅಂತ, ಬಲ ಹಾಕಲು ಅಲ್ಲ.

ನೀರಿನ ಚೀಲ ಒಡೆದು ಅರ್ಧ ಮುಕ್ಕಾಲು ಗಂಟೆ ಜೋರಾಗಿ ತಿಣುಕಿಯೂ ಮುಂದುವರಿಯದಿದ್ದರೆ ಕೈ ಹಾಕಿ ನೋಡಿ. ಗರ್ಭಚೀಲದ ಬಾಯಿ ಎರಡೇ ಬೆರಳು ಹಿಡಿಯುವಷ್ಟು ತೆರೆದಿದ್ದರೆ, ಅಥವಾ ಹತ್ತು ಹದಿನೈದು ನಿಮಿಷ ತಡಕಿದರೂ ಅರ್ಥವಾಗದಿದ್ದರೆ ಬಿಟ್ಟು 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಅದು. ಮೆಡಿಕಲ್ ಶಾಪಿನಿಂದ ನೋವು ಬರಿಸುವ ಇಂಜೆಕ್ಷನ್ ತಂದು ಚುಚ್ಚುವವರ ಮಾತು ಕೇಳಬೇಡಿ. ಬಾಗಿಲು ಕಟ್ಟಿರುವಾಗ ಹಿಂದಿನಿಂದ ನೂಕಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ, ಅಲ್ವಾ? ಗ್ಲೌಸ್ ಹಾಕಿಕೊಳ್ಳಿ, ಮನೆಯಲ್ಲಿ ಬಸುರಿ ಹೆಂಗಸು ಇದ್ದರೆ ಅವರು ಹತ್ತಿರವೂ ಬರುವುದು ಬೇಡ. ಒಂದು ಮರಿ ಬಂದಮೇಲೆ ಇನ್ನೊಂದು ಇದೆಯಾ ಅಂತ ನೋಡದೆ ಏಳಬೇಡಿ.

ಅವತ್ತು ಕುರಿ ಸಾಯುವ ಮುಂಚೆ ಅಜ್ಜಿ ಅದರ ಗಿಣ್ಣು ಹಾಲು ಕರೆದು, ಹುಟ್ಟಿ ಗಂಟೆ ಕಳೆಯುವುದರೊಳಗೆ ಆ ಹೆಣ್ಣು ಮರಿಗೆ ಕುಡಿಸಿದ್ದರು. ಆಮೇಲೆ ಬಾಟಲಿ ಹಾಲಲ್ಲಿ ಬೆಳೆಯಿತು. ಅದು ಈಯುವಾಗಲೆಲ್ಲ ಉಗುರು ಕತ್ತರಿಸಿಕೊಂಡು, ಬಿಸಿನೀರು, ಸೋಪು, ಎಣ್ಣೆ ಇಟ್ಟುಕೊಂಡು ಕೂರುತ್ತೇನೆ. ಇದುವರೆಗೆ ಕೈ ಹಾಕುವ ಕೆಲಸ ಬಂದಿಲ್ಲ. ಕಳೆದ ಸಲ ಅವಳಿ.