ಹೂರಣ ನೀರಾದರೆ ಯಾರ ತಪ್ಪು?

ಹಬ್ಬ ಮುಗಿದ ವಾರ ನನ್ನ ಕೋಣೆಗೆ ಬರುವವರು ಜಾಸ್ತಿ. ಯುಗಾದಿ ಇರಲಿ, ಗೌರಿ ಗಣೇಶ ಇರಲಿ, ದೀಪಾವಳಿ ಇರಲಿ, ಇದು ತಪ್ಪಿದ್ದೇ ಇಲ್ಲ. ಬೆಂಗಳೂರಿನಲ್ಲಿ ಆಪ್ತಸಲಹೆ ಮಾಡುತ್ತಾ ಕೂತಿರುವುದರಿಂದ ಬರುವವರಲ್ಲಿ ಸಾಫ್ಟ್‌ವೇರ್‌ನವರೇ ಹೆಚ್ಚು. ಮೊದಲು ಮ್ಯಾನೇಜರ್ ವಿಷಯ ಎತ್ತುತ್ತಾರೆ, ಆಮೇಲೆ ರೇಟಿಂಗು. ಹತ್ತು ನಿಮಿಷ ಸುಮ್ನೆ ಕೇಳುತ್ತಾ ಕೂತರೆ ಮಾತು ತಾನಾಗಿಯೇ ಅಡುಗೆಮನೆಗೆ ಬಂದು ನಿಂತಿರುತ್ತದೆ.

ಇಂಥ ಪ್ರಕರಣಗಳು ಎಷ್ಟೋ ಬಂದು ಹೋಗಿವೆ. ಇದೊಂದನ್ನು ಬರೆಯುತ್ತಿರುವುದು ಇದರಲ್ಲಿ ನಾನು ಎಡವಿದೆ ಅನ್ನುವ ಕಾರಣಕ್ಕೆ. ಗಂಡ ಹೆಂಡತಿ ಇಬ್ಬರೂ ಬರೆಯಲು ಒಪ್ಪಿದ್ದಾರೆ. ಹೆಸರು, ಊರು, ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರನ್ನು ಶ್ರೀಧರ ಅನ್ನೋಣ. ವಯಸ್ಸು ಮೂವತ್ತಾರು. ಬ್ಯಾಂಕುಗಳ ಹಣ ಪಾವತಿಗೆ ಸಂಬಂಧಿಸಿದ ಸಾಫ್ಟ್‌ವೇರ್ ನೋಡಿಕೊಳ್ಳುವ ತಂಡದಲ್ಲಿ ಕೆಲಸ. ಮೂರು ವಾರಕ್ಕೊಮ್ಮೆ ಆನ್‌ಕಾಲ್ ಪಾಳಿ. ಆ ವಾರ ಸಿಸ್ಟಂ ಎಲ್ಲಾದರೂ ಮುಗ್ಗರಿಸಿದರೆ ಹಗಲಿರಲಿ, ರಾತ್ರಿಯಿರಲಿ ಇವರ ಫೋನ್ ಕೂಗುತ್ತದೆ. ಎದ್ದು ಲ್ಯಾಪ್‌ಟಾಪ್ ತೆಗೆಯಬೇಕು. 2025ರ ಫೆಬ್ರವರಿಯಲ್ಲಿ ಬಂದಾಗ ಅವರ ತೊಂದರೆ ಇದಲ್ಲ. ಪಾಳಿ ಇಲ್ಲದ ವಾರವೂ ರಾತ್ರಿ ಮೂರಕ್ಕೆ ಫೋನ್ ಕೂಗಿದ ಹಾಗೆ ಆಗಿ ಎಚ್ಚರವಾಗುತ್ತಿತ್ತು. ನೋಡಿದರೆ ಫೋನ್ ಸುಮ್ಮನೆ ಮಲಗಿರುತ್ತಿತ್ತು. ಆಮೇಲೆ ನಿದ್ದೆಯಿಲ್ಲ.

“ನನಗೇನಾದ್ರೂ ಕಾಯಿಲೆನಾ ಮೇಡಂ?” ಅಂದರು.

ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ನಿದ್ದೆಗೆಟ್ಟು ಬಂದವರನ್ನು ಥೈರಾಯ್ಡ್, ಬಿ12 ನೋಡಿಸದೆ ಬರೀ ಮಾತಿನಲ್ಲಿ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ರಿಪೋರ್ಟ್ ಸರಿಯಾಗಿಯೇ ಬಂತು. ಹಾಗಿದ್ದರೆ ಇದು ಬರ್ನ್‌ಔಟಾ ಅಂತ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ತನ್ನ ಪಟ್ಟಿಗೆ ಸೇರಿಸಿದಾಗ ಅದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದಿಂದ ಹುಟ್ಟುವ ಸ್ಥಿತಿ ಅಂದಿತು. ನಾನೂ ಅದನ್ನೇ ಹೇಳಿದೆ. ಕೆಲಸದಿಂದ ಬಂದದ್ದಾದರೆ ಕೆಲಸವನ್ನೂ ಸ್ವಲ್ಪ ನೋಡೋಣ ಅಂದೆ. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟೆ. ಮುಂದಿನ ವಾರ ಅದಕ್ಕೊಂದು ಸ್ಪ್ರೆಡ್‌ಶೀಟ್ ಮಾಡಿಕೊಂಡು ಬಂದರು! ಅದನ್ನು ಅಲ್ಲಿಗೇ ಬಿಟ್ಟೆ.

ಅವರಿಗೆ ರಾಜೀನಾಮೆ ಕೊಡುವ ಆಸೆ. ಅಪ್ಪನ ತೆಂಗಿನ ತೋಟವಿದೆ, ಹೋಗಿ ನೋಡಿಕೊಳ್ತೀನಿ ಅಂದರು. ಈ ತೋಟ ನನ್ನ ಕೋಣೆಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಯಾರದಾದರೂ ಅಡಿಕೆ ತೋಟ, ಇನ್ಯಾರದೋ ಸಕಲೇಶಪುರದ ಎರಡು ಎಕರೆ. “ತೋಟದಲ್ಲಿ ಪಂಪ್ ಯಾವಾಗ ಹಾಕ್ತಾರೆ?” ಅಂತ ಕೇಳಿದೆ. “ತ್ರೀ ಫೇಸ್ ಕರೆಂಟ್ ಬಂದಾಗ” ಅಂದರು. “ಅದು ಎಷ್ಟು ಹೊತ್ತಿಗೆ ಬರುತ್ತೆ?” ಒಂದು ಕ್ಷಣ ಸುಮ್ಮನಿದ್ದು ನಕ್ಕರು. ಅಪ್ಪ ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಮೋಟರ್ ಹಾಕಲು ಹೋಗುತ್ತಿದ್ದದ್ದು ನೆನಪಾಯಿತಂತೆ.

ಎರಡು ತಿಂಗಳು ರಾಜೀನಾಮೆಯ ಮಾತೇ ಬೇಡ ಅಂತ ಹೇಳಿದೆ. ಇಂಥ ಸಲಹೆ ಕೊಟ್ಟಾಗೆಲ್ಲ ‘ನೀವು ಕಂಪನಿ ಪರ’ ಅಂತ ಬೈಸಿಕೊಂಡಿದ್ದೇನೆ. ಬೈಯಲಿ. ಮೂರು ವಾರ ನಿದ್ದೆಯಿಲ್ಲದ ತಲೆಯಿಂದ ಮನೆ ಸಾಲವಿರುವ ಮನುಷ್ಯ ಅಂಥ ತೀರ್ಮಾನ ಮಾಡಬಾರದು. ಬಿಡುವುದಾದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದು ಬಿಡಲಿ. ಅಲ್ಲಿಯವರೆಗೆ ಎರಡು ಕೆಲಸ ಕೊಟ್ಟೆ. ಅಲರ್ಟ್ ಬರುವುದಕ್ಕೆ ಬೇರೆಯೇ ಒಂದು ಹಳೆಯ ಫೋನ್ ಇಟ್ಟುಕೊಳ್ಳುವುದು, ಪಾಳಿ ಮುಗಿದ ಕೂಡಲೇ ಅದನ್ನು ಆಫ್ ಮಾಡಿ ಬೀರುವಿನೊಳಗೆ ಇಡುವುದು. ಇನ್ನೊಂದು, ಒಂದು ಪಾಳಿಯಲ್ಲಿ ಬಂದ ಅಲರ್ಟ್‌ಗಳನ್ನೆಲ್ಲ ಬರೆದು, ತಾನು ಎದ್ದು ಕೈ ಹಾಕಲೇಬೇಕಾದವು ಎಷ್ಟು ಅಂತ ಎಣಿಸುವುದು. ನಲವತ್ತೊಂದರಲ್ಲಿ ಆರು. ಉಳಿದವು ತಾವೇ ಕೂಗಿ ತಾವೇ ಸುಮ್ಮನಾಗುವಂಥವು. ‘ನನಗೆ ಸ್ಟ್ರೆಸ್ ಆಗ್ತಿದೆ’ ಅಂದರೆ ಮ್ಯಾನೇಜರ್ ಯೋಗ ಮಾಡಿ ಅನ್ನುತ್ತಾರೆ. ನಲವತ್ತೊಂದು, ಆರು ಅಂತ ಕಾಗದ ಮುಂದಿಟ್ಟರೆ ಉತ್ತರ ಕೊಡಬೇಕಾಗುತ್ತದೆ. ಕೊಟ್ಟರು ಕೂಡ. ಅರ್ಧದಷ್ಟು ಅಲರ್ಟ್‌ಗಳನ್ನು ಬೆಳಗಿನವರೆಗೆ ಕಾಯುವ ಪಟ್ಟಿಗೆ ಹಾಕಿದರು.

ಇಷ್ಟು ಮಾಡಿದ ಮೇಲೂ ಮೂರಕ್ಕೆ ಎಚ್ಚರವಾಗುವುದು ನಿಲ್ಲಲಿಲ್ಲ.

ಆ ವರ್ಷ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಮರುದಿನ ಆರ್ಥಿಕ ವರ್ಷದ ಕೊನೆ. ಬ್ಯಾಂಕ್ ಸಾಫ್ಟ್‌ವೇರ್‌ನವರಿಗೆ ಅದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ. ಶ್ರೀಧರ ಅವರ ಪಾಳಿ ಪುಣ್ಯಕ್ಕೆ ಶನಿವಾರವೇ ಮುಗಿದಿತ್ತು. ಅವರ ಹೆಂಡತಿಗೆ (ವೀಣಾ ಅನ್ನೋಣ) ಬೇರೆ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಭಾನುವಾರ ಬೆಳಗ್ಗೆ ಅವರ ತಂಡದ ರಿಲೀಸ್, ಅಂದರೆ ಹೊಸ ಸಾಫ್ಟ್‌ವೇರ್ ಬಿಡುಗಡೆ. ಹಬ್ಬಕ್ಕೆಂದು ಊರಿಂದ ಬಂದಿದ್ದ ಶ್ರೀಧರ ಅವರ ಅಮ್ಮ ಬಚ್ಚಲಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡಿದ್ದರು. ಹಾಗಾಗಿ ಒಬ್ಬಟ್ಟು ಶ್ರೀಧರ ಅವರ ಪಾಲಿಗೆ ಬಂತು.

ಮುಂದಿನ ಭೇಟಿಯಲ್ಲಿ ಮುಕ್ಕಾಲು ಗಂಟೆ ಒಬ್ಬಟ್ಟಿನದೇ ಮಾತು. ನಾನು ತಡೆಯಲಿಲ್ಲ. ಬೇಳೆ ಜಾಸ್ತಿ ಬೆಂದಿತ್ತಂತೆ. ಸಾರಿಗೆ ಕಟ್ಟು ಬಸಿದದ್ದೂ ಸಾಲಲಿಲ್ಲ. ಬೆಲ್ಲ ಹಾಕಿದ ಮೇಲೆ ಹೂರಣ ಪಾಯಸದ ಹಾಗಾಯಿತು. ಅಮ್ಮ ಕುರ್ಚಿಯಲ್ಲಿ ಕೂತು, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವು ಅಂದರು. ನಲವತ್ತು ನಿಮಿಷ ತಿರುವಿದರು. ಕನಕ ಬೇರೆ ಸಾಕಷ್ಟು ನೆನೆದಿರಲಿಲ್ಲ. ಬಾಳೆ ಎಲೆ ಮೇಲೆ ತಟ್ಟಿದ ಮೊದಲ ನಾಲ್ಕು ಹರಿದು ಕಾವಲಿಗೆ ಅಂಟಿದವು. ಎಲ್ಲರೂ ನಕ್ಕರು, ಹರಿದದ್ದನ್ನು ಬಟ್ಟಲಿಗೆ ಹಾಕಿ ತುಪ್ಪ ಸುರಿದು ತಿಂದರು.

ಆಮೇಲೆ ಅವರು ಹೇಳಿದ ಮಾತನ್ನು ನಾನು ಅಂದೇ ಬರೆದಿಟ್ಟುಕೊಂಡೆ. “ಮೇಡಂ, ಹೂರಣ ನೀರಾದ್ರೆ ‘ಹೂರಣ ನೀರಾಯ್ತು’ ಅಂತಾರೆ. ಅಷ್ಟೇ. ಆಫೀಸಲ್ಲಿ ಏನಾದ್ರೂ ಕೆಟ್ರೆ ‘ಯಾರು ಮಾಡಿದ್ದು’ ಅಂತ ಮೊದಲು ಕೇಳ್ತಾರೆ.”

ಅವರ ಲೋಕದಲ್ಲಿ ಗಿಟ್ ಬ್ಲೇಮ್ ಅಂತ ಒಂದು ಆದೇಶವಿದೆಯಂತೆ. ಕೊಟ್ಟರೆ ಕೋಡಿನ ಒಂದೊಂದು ಸಾಲನ್ನೂ ಕೊನೆಗೆ ಯಾರು ಮುಟ್ಟಿದ್ದು, ಯಾವತ್ತು ಅಂತ ತೋರಿಸುತ್ತದೆ. ಯಾರನ್ನೂ ದೂರದೆ ತಪ್ಪನ್ನು ಮಾತ್ರ ನೋಡಬೇಕು ಅನ್ನುವ ಸಭೆಗಳೂ ಇವೆ, ಅದಕ್ಕೆ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅನ್ನುತ್ತಾರೆ. “ವರದಿಯಲ್ಲಿ ಹೆಸರಿರಲ್ಲ, ಕಾಫಿ ಮಷೀನ್ ಹತ್ರ ಇರುತ್ತೆ” ಅಂದರು. ಆ ಭಾನುವಾರ ರಾತ್ರಿ ಅವರು ಏಳು ಗಂಟೆ ಮಲಗಿದ್ದರು.

ನನಗೆ ಖುಷಿಯೋ ಖುಷಿ. ಹುಡುಕುತ್ತಿದ್ದದ್ದು ಸಿಕ್ಕಿತು ಅನ್ನಿಸಿತು. ತಪ್ಪು ಮಾಡಿದರೂ ತಪ್ಪು ವಸ್ತುವಿನಲ್ಲೇ ಉಳಿಯುವ, ಮೈಗೆ ಅಂಟದ ಒಂದು ಕೆಲಸ ಈ ಜನಕ್ಕೆ ಬೇಕು ಅಂದುಕೊಂಡೆ. ವಾರಕ್ಕೊಂದು ದಿನ ಅಡುಗೆ ಮಾಡಿ ಅಂತ ಸಲಹೆ ಕೊಟ್ಟೆ. ಅಷ್ಟಕ್ಕೇ ಬಿಡಲಿಲ್ಲ. ಆ ಹೂರಣದ ಮಾತನ್ನು ಮುಂದಿನ ಎರಡು ವಾರ ಇನ್ನೂ ಮೂವರಿಗೆ ಉದಾಹರಣೆಯಾಗಿ ಹೇಳಿದೆ. ಮೂವರೂ ಗಂಡಸರು. ಅದು ನನ್ನ ಗಮನಕ್ಕೆ ಬಂದದ್ದು ಆಮೇಲೆ.

ಏಪ್ರಿಲ್ ಕೊನೆಯಲ್ಲಿ ವೀಣಾ ಜೊತೆಗೆ ಬಂದರು. ಬರಬೇಕು ಅಂತ ಹಟ ಹಿಡಿದದ್ದು ಅವರೇ. ಕೂತವರೇ, “ಇವರಿಗೆ ಅಡುಗೆ ಮಾಡೋಕೆ ಹೇಳಿದ್ದು ನೀವಾ?” ಅಂದರು.

ಹೌದು ಅಂದೆ. ಹೊಗಳುತ್ತಾರೆ ಅಂದುಕೊಂಡಿದ್ದೆ.

“ಪ್ರತಿ ಶನಿವಾರ ಮಾಡ್ತಾರೆ. ಎಂಟು ಪಾತ್ರೆ ಹೊರಗೆ ಬರುತ್ತೆ. ಕೊತ್ತಂಬರಿ ಎಲ್ಲಿದೆ, ಹುಣಸೆಹಣ್ಣು ಎಲ್ಲಿದೆ ಅಂತ ನಾನು ಪಕ್ಕದಲ್ಲೇ ನಿಂತಿರಬೇಕು. ಆಮೇಲೆ ಫೋಟೋ ತೆಗೀತಾರೆ.”

ಶ್ರೀಧರ ನೆಲ ನೋಡುತ್ತಿದ್ದರು. ಪರಿಸ್ಥಿತಿ ತಿಳಿಯಾಗಲಿ ಅಂತ ನಾನು ಆ ಹೂರಣದ ಮಾತನ್ನೇ ತೆಗೆದೆ. ನಿಮ್ಮ ಯಜಮಾನರು ಎಷ್ಟು ಒಳ್ಳೆಯ ಮಾತು ಹೇಳಿದರು ಗೊತ್ತಾ ಅಂತ ಅವರದೇ ಶಬ್ದಗಳಲ್ಲಿ ಹೇಳಿದೆ.

ವೀಣಾ ಪೂರ್ತಿ ಕೇಳಿಸಿಕೊಂಡರು. ದನಿ ಏರಿಸದೆ ಹೇಳಿದರು: “ಇವರ ಹೂರಣ ನೀರಾದ್ರೆ ಹೂರಣ ನೀರಾಗುತ್ತೆ ಮೇಡಂ. ನನ್ನ ಹೂರಣ ನೀರಾದ್ರೆ ‘ಅವಳ ಕೈಗುಣವೇ ಅಷ್ಟು’ ಅಂತಾರೆ.”

ನನ್ನ ಹತ್ತಿರ ಉತ್ತರವಿರಲಿಲ್ಲ. ಅವರೇ ಮುಂದುವರಿಸಿದರು. ಯುಗಾದಿ ದಿನ ಒಬ್ಬಟ್ಟಿನ ಫೋಟೋ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಶ್ರೀಧರ ಅವರಿಗೆ ಹೊಗಳಿಕೆಯ ಮಳೆ. ಅವರ ಚಿಕ್ಕಮ್ಮ ಒಬ್ಬರು ಮಾತ್ರ, ‘ಯಾಕೆ, ವೀಣಾ ಊರಲ್ಲಿಲ್ವಾ?’ ಅಂತ ಬರೆದರು. ಸಂಜೆ ಅತ್ತೆ ತಮ್ಮ ಮಗಳಿಗೆ ಫೋನ್ ಮಾಡಿ, ಹಬ್ಬದ ದಿನ ಮಗ ಒಲೆ ಮುಂದೆ ನಿಂತ, ಸೊಸೆ ಕಂಪ್ಯೂಟರ್ ಮುಂದೆ ಕೂತಿದ್ದಳು ಅಂದದ್ದು ಇವರ ಕಿವಿಗೆ ಬಿತ್ತು. ಬೇಳೆ ಆರಿಸಿದ್ದು, ತೆಂಗಿನಕಾಯಿ ತುರಿದಿಟ್ಟದ್ದು, ಬೇವು ಬೆಲ್ಲ ಕಲಸಿದ್ದು, ಕೊನೆಗೆ ಕಾವಲಿ ಉಜ್ಜಿದ್ದು ಇವರೇ. ರಿಲೀಸ್ ಮಧ್ಯೆ ಎದ್ದೆದ್ದು ಹೋಗಿ ಮಾಡಿದ್ದು. ಫೋಟೋದಲ್ಲಿ ಅದ್ಯಾವುದೂ ಇರಲಿಲ್ಲ.

“ಅಡುಗೆಮನೆಯಲ್ಲಿ ಗಿಟ್ ಬ್ಲೇಮ್ ಓಡಿಸಿದ್ರೆ ಎಲ್ಲಾ ಸಾಲಿನಲ್ಲೂ ನನ್ನ ಹೆಸರೇ ಬರುತ್ತೆ. ಹೊಗಳೋವಾಗ ಮಾತ್ರ ಇವರದು.” ಗಂಡನ ಕಡೆ ತಿರುಗಿ, “ನಿಮ್ಮ ಆನ್‌ಕಾಲ್ ಮೂರು ವಾರಕ್ಕೊಂದ್ಸಲ. ನನ್ನದು ಯಾವತ್ತು ಮುಗಿದಿದೆ ಹೇಳಿ” ಅಂದರು.

ಭಾರತದ 2024ರ ಸಮಯ ಬಳಕೆ ಸಮೀಕ್ಷೆಯ ಅಂಕಿ ನನಗೆ ಬಾಯಿಪಾಠ. ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಅದರಲ್ಲಿ ಕಳೆಯುವುದು 289 ನಿಮಿಷ, ಗಂಡಸರು 88. ಭಾಷಣಕ್ಕೆ ಕರೆದಾಗೆಲ್ಲ ಹೇಳುತ್ತೇನೆ. ಆದರೆ ನನ್ನ ಕೋಣೆಯಲ್ಲಿ ಒಬ್ಬ ಗಂಡಸು ಅಡುಗೆಮನೆಯಲ್ಲಿ ತನಗೆ ನೆಮ್ಮದಿ ಸಿಕ್ಕಿತು ಅಂದಾಗ, ಆ ನೆಮ್ಮದಿಯ ಖರ್ಚು ಯಾರ ಲೆಕ್ಕದಲ್ಲಿ ಬಿತ್ತು ಅಂತ ಕೇಳಲು ನನಗೆ ಹೊಳೆಯಲಿಲ್ಲ. ಒಬ್ಬಟ್ಟು ಯಾರು ಮಾಡಿದರು ಅಂತ ಕೇಳಿದೆನೇ ಹೊರತು ಕಾವಲಿ ಯಾರು ತೊಳೆದರು ಅಂತ ಕೇಳಲಿಲ್ಲ. ತಪ್ಪಾಯಿತು ಅಂತ ವೀಣಾಗೆ ಅಲ್ಲೇ ಹೇಳಿದೆ. ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡೆ.

ಹೊಸ ಸಲಹೆ ಶ್ರೀಧರ ಅವರ ಭಾಷೆಯಲ್ಲೇ ಇತ್ತು. ಆನ್‌ಕಾಲ್ ಬದಲಾಗುವಾಗ ನಿಮ್ಮಲ್ಲಿ ಏನು ಮಾಡುತ್ತೀರಿ ಅಂತ ಕೇಳಿದೆ. ಬಾಕಿ ಇರುವುದನ್ನೆಲ್ಲ ಬರೆದು ಮುಂದಿನವರಿಗೆ ಒಪ್ಪಿಸ್ತೀವಿ, ಆಮೇಲೆ ಹಳಬರನ್ನು ಕೇಳೋ ಹಾಗಿಲ್ಲ ಅಂದರು. ಅಡುಗೆಮನೆಗೂ ಅದನ್ನೇ ಮಾಡಿ ಅಂದೆ. ಒಂದು ವಾರ ಅವರದು, ಒಂದು ವಾರ ನಿಮ್ಮದು. ನಿಮ್ಮ ವಾರದಲ್ಲಿ ಹಾಲು ಮುಗಿದದ್ದು, ಗ್ಯಾಸ್ ಬುಕ್ ಮಾಡುವುದು, ರಾತ್ರಿ ಅಕ್ಕಿ ಉದ್ದು ನೆನೆಹಾಕುವುದು ಎಲ್ಲ ನಿಮಗೇ ನೆನಪಿರಬೇಕು. ‘ಏನು ಮಾಡ್ಬೇಕು ಹೇಳು, ಮಾಡ್ತೀನಿ’ ಅನ್ನುವ ಹಾಗಿಲ್ಲ. ಹೇಳುವುದೂ ಒಂದು ಕೆಲಸವೇ ಅಲ್ವಾ? ಫೋಟೋ ಆರು ತಿಂಗಳು ಬಂದ್. ಚಿಕ್ಕಮ್ಮನಿಗೆ ಉತ್ತರ ಕೊಡುವವರು ನೀವು, ವೀಣಾ ಅಲ್ಲ.

ವೀಣಾಗೂ ಒಂದು ಮಾತು ಹೇಳಿದೆ. ಅವರ ವಾರದಲ್ಲಿ ನೀವು ಅಡುಗೆಮನೆ ಬಾಗಿಲಲ್ಲಿ ನಿಲ್ಲಬೇಡಿ, ಅವರು ತೊಳೆದ ಪಾತ್ರೆಯನ್ನು ಮತ್ತೆ ತೊಳೆಯಬೇಡಿ. ಅವರಿಗೆ ಇದು ನಾನು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಜಿಡ್ಡು ಉಳಿದ ಬಾಣಲೆ ನೋಡಿ ಸುಮ್ಮನಿರುವುದು ನನ್ನ ಕೈಲಾಗಲ್ಲ ಅಂತ ಎರಡು ಸಲ ಫೋನ್ ಮಾಡಿದರು.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದು ಇಷ್ಟವಾಗಲಿಲ್ಲ. ನಿದ್ದೆಯಿಲ್ಲ ಅಂತ ಬಂದವನಿಗೆ ಪಾತ್ರೆ ಪಾಳಿ ಹಾಕಿಕೊಟ್ಟೆಯಾ, ಇದು ಆಪ್ತಸಲಹೆಯಲ್ಲ, ಪಂಚಾಯ್ತಿ ಅಂದರು. ಇರಬಹುದು. ಆದರೆ ಮೂರಕ್ಕೆ ಎಚ್ಚರವಾದಾಗ ಮನಸ್ಸಿಗೆ ಏನು ಬರುತ್ತೆ ಅಂತ ಮೇ ತಿಂಗಳಲ್ಲಿ ಮತ್ತೆ ಕೇಳಿದ್ದೆ. ಆಗ ಶ್ರೀಧರ ಮೊದಲ ಸಲ ಆಫೀಸಿನ ಹೆಸರು ಎತ್ತಲಿಲ್ಲ. ನಾನೆದ್ದರೆ ಪಕ್ಕದಲ್ಲಿ ಅವಳಿಗೂ ಎಚ್ಚರವಾಗುತ್ತೆ, ಅವಳು ಏನೂ ಅನ್ನಲ್ಲ, ಅದೇ ಕಷ್ಟ ಅಂದರು. ಫೆಬ್ರವರಿಯಿಂದ ಮನೆಯಲ್ಲಿದ್ದ ಮೌನವನ್ನು ನಾನು ಅಲರ್ಟ್‌ಗಳ ಲೆಕ್ಕದಲ್ಲಿ ಹುಡುಕುತ್ತಿದ್ದೆ.

ರಾತ್ರಿ ಹೊತ್ತು ತೀರಾ ತಡೆಯಲಾಗದಿದ್ದರೆ ಅಂತ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಟ್ಟಿದ್ದೆ. ಸರ್ಕಾರದ ಉಚಿತ ಸಹಾಯವಾಣಿ, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಅವರು ಒಂದು ಸಲ ಮಾಡಿದ್ದರಂತೆ. ಈಗ ಪಾಳಿಯ ವಾರದಲ್ಲಿ ಮಾತ್ರ ಎಚ್ಚರವಾಗುತ್ತದೆ, ಅದೂ ಫೋನ್ ನಿಜವಾಗಿ ಕೂಗಿದಾಗ. ಕೆಲಸ ಬಿಟ್ಟಿಲ್ಲ. ತೋಟದ ಮಾತು ಆಗಾಗ ಬರುತ್ತದೆ.

ಗೌರಿ ಹಬ್ಬ ಶ್ರೀಧರ ಅವರ ವಾರದಲ್ಲಿ ಬಂತು. ಅತ್ತೆ ಊರಿಂದ ಬಂದು ಅಡುಗೆಮನೆ ಬಾಗಿಲಿಗೆ ಕುರ್ಚಿ ಹಾಕಿಕೊಂಡರು. ಊಟಕ್ಕೆ ಕೂರುವ ಹೊತ್ತಿಗೆ ನೋಡಿದರೆ ಬಾಳೆ ಎಲೆ ತಂದಿಲ್ಲ. “ವೀಣಾ, ಎಲೆ ಎಲ್ಲಮ್ಮಾ?” ಅಂದರು ಅತ್ತೆ. “ಈ ವಾರ ನನ್ನ ಪಾಳಿ ಅಮ್ಮ, ನಾನೇ ಮರೆತೆ” ಅಂದರಂತೆ ಶ್ರೀಧರ. ಅತ್ತೆ ಏನೂ ಅನ್ನಲಿಲ್ಲ. ಸ್ಟೀಲ್ ತಟ್ಟೆಯಲ್ಲೇ ಹಬ್ಬದ ಊಟವಾಯಿತು. ಸಂಜೆ ಮಗಳಿಗೆ ಫೋನ್ ಮಾಡಿದರು. ಈ ಸಲ ಕೋಣೆಯ ಬಾಗಿಲು ಹಾಕಿಕೊಂಡಿದ್ದರಿಂದ ಏನು ಹೇಳಿದರು ಅಂತ ವೀಣಾಗೆ ಕೇಳಿಸಲಿಲ್ಲ.