65,536 ಲೀಟರಿಗೆ ನಿಂತ ನೀರಿನ ಮೀಟರು: ಸೆನ್ಸರ್ ಬದಲಾಯಿಸುವ ಮುನ್ನ ಲೆಕ್ಕ ನೋಡಿ

ನಮಸ್ಕಾರ. ನರ್ಸರಿಯ ಹನಿ ನೀರಾವರಿ ಲೈನಿಗೆ ಆರ್ಡುಯಿನೋ ಉನೋ (ಪ್ರೋಗ್ರಾಮ್ ಹಾಕಿ ಓಡಿಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್) ಜೋಡಿಸಿ ಮಾಡಿದ ಮೀಟರು 65,536 ಲೀಟರ್ ತೋರಿಸಿದ ಮೇಲೆ, ನೀರು ಹರಿಯುತ್ತಿದ್ದರೂ ಮುಂದಕ್ಕೆ ಹೋಗುತ್ತಿಲ್ಲ, ಹೊಸ ಸೆನ್ಸರ್ ತರಿಸಬೇಕೇ ಎಂದು ಕೇಳಿದ್ದೀರಿ. ತರಿಸಬೇಡಿ. ನೀವು ಹಾಕಿರುವ ಪ್ರೋಗ್ರಾಮಿನಲ್ಲಿ, ಸೆನ್ಸರ್ ಲೀಟರಿಗೆ 450 ಪಲ್ಸ್ (ವಿದ್ಯುತ್ ಮಿಡಿತ) ಕಳಿಸುತ್ತದೆಂದು ಹಿಡಿದು, ಪ್ರತಿ ಪಲ್ಸಿಗೂ ಒಟ್ಟು ಲೀಟರಿಗೆ 1/450 ಕೂಡಿಸುವ ಸಾಲೊಂದಿದೆ, ಆ ಒಟ್ಟನ್ನು ಫ್ಲೋಟ್ (ದಶಮಾಂಶ ಸಂಖ್ಯೆ ಇಡುವ ವೇರಿಯಬಲ್) ಎಂದು ಘೋಷಿಸಿದ್ದೀರಿ. ದೋಷವಿರುವುದು ಅಲ್ಲಿ.

ಫ್ಲೋಟ್‌ನ 32 ಬಿಟ್‌ಗಳಲ್ಲಿ ಸಂಖ್ಯೆಯ ಅಂಕಿಗಳಿಗೆ ಸಿಗುವುದು 24 ಬಿಟ್ ಮಾತ್ರ. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ಒಂದು ಬೆಲೆಗೂ ಅದರ ಮುಂದಿನ ಬೆಲೆಗೂ ನಡುವಿನ ಅಂತರ ಹಿಗ್ಗುತ್ತದೆ. 65,536 ದಾಟಿದಲ್ಲಿ ಆ ಅಂತರ 0.0078, ನೀವು ಕೂಡಿಸುವ 0.0022 ಅದರ ಅರ್ಧಕ್ಕೂ ಕಡಿಮೆಯಾದ್ದರಿಂದ ಉತ್ತರ ಮತ್ತೆ 65,536ಕ್ಕೇ ಇಳಿಯುತ್ತದೆ. ನಿಂತದ್ದು ಕಣ್ಣಿಗೆ ಬಿತ್ತು, ಆದರೆ ಅದಕ್ಕೂ ಮುಂಚಿನಿಂದಲೇ ಲೆಕ್ಕ ತಪ್ಪುತ್ತಿತ್ತು. 8,192ರಿಂದ 32,768ರವರೆಗೆ ಪ್ರತಿ ಪಲ್ಸಿಗೆ 0.00195 ಮಾತ್ರ ಸೇರಿ ಮೀಟರು ಶೇಕಡಾ 12ರಷ್ಟು ಕಡಿಮೆ ಓಡಿದೆ; ಅಲ್ಲಿಂದ ಮುಂದೆ 0.0039 ಸೇರಿ ಒಂದೂಮುಕ್ಕಾಲು ಪಟ್ಟು ಓಡಿದೆ. ಸೊನ್ನೆಯಿಂದ ನಾನು ಕೂಡಿ ನೋಡಿದಂತೆ, ಮೀಟರು 65,536 ತಲುಪುವಾಗ ನಿಜವಾಗಿ ಹರಿದ ನೀರು ಸುಮಾರು 54,500 ಲೀಟರ್. ಗಿಡಗಳಿಗೆ ಗೊಬ್ಬರದ ನೀರನ್ನು ಇದೇ ಅಂಕಿ ನೋಡಿ ಬಿಡುತ್ತಿದ್ದರೆ ಆ ಲೆಕ್ಕವನ್ನೂ ಒಮ್ಮೆ ಪರಿಶೀಲಿಸಿಕೊಳ್ಳಿ.

ಫ್ಲೋಟ್ ಬದಲು ಡಬಲ್ (ಹೆಚ್ಚು ಬಿಟ್‌ಗಳ ದಶಮಾಂಶ ಸಂಖ್ಯೆ) ಬಳಸಿ ಎಂದು ನಿಮ್ಮ ಪ್ರಶ್ನೆಗೆ ಉತ್ತರಿಸಿದ ಒಬ್ಬರು ಹೇಳಿದ್ದಾರೆ. ಉನೋದಲ್ಲಿ ಡಬಲ್ ಎಂದು ಬರೆದರೂ ಕಂಪೈಲರ್ ಕೊಡುವುದು ಅದೇ ನಾಲ್ಕು ಬೈಟಿನ ಫ್ಲೋಟ್. ಇಎಸ್‌ಪಿ32 ಎಂಬ ಇನ್ನೊಂದು ಬೋರ್ಡಿಗೆ ಹೋಗಿ ಎಂದವರ ಮಾತಿನಲ್ಲಿ ಅರ್ಧ ಸತ್ಯವಿದೆ: ಅದರಲ್ಲಿ ಫ್ಲೋಟ್ ಲೆಕ್ಕಕ್ಕೆ ಹಾರ್ಡ್‌ವೇರ್ ಇದೆ, ಉನೋದಲ್ಲಿ ಇಲ್ಲ, ಇಲ್ಲಿ ಪ್ರತಿ ಫ್ಲೋಟ್ ಲೆಕ್ಕವನ್ನೂ ಸಾಫ್ಟ್‌ವೇರ್ ಮಾಡಬೇಕು. ಆದರೆ ನಿಮಿಷಕ್ಕೆ 30 ಲೀಟರ್ ಹರಿದರೂ ಸೆಕೆಂಡಿಗೆ ಬರುವುದು 225 ಪಲ್ಸ್. 16 ಮೆಗಾಹರ್ಟ್ಸ್‌ನ ಚಿಪ್‌ಗೆ ಅದು ಹೊರೆಯೇ ಅಲ್ಲ. ಅದೇ ಸಾಲನ್ನು ಇಎಸ್‌ಪಿ32ರಲ್ಲಿ ಓಡಿಸಿದರೆ ಮೀಟರು ಅಲ್ಲಿಯೂ ಇದೇ ಅಂಕಿಗೆ ನಿಲ್ಲುತ್ತದೆ.

ನನ್ನ ಸಲಹೆ ಇಷ್ಟು: ಲೀಟರನ್ನು ಕೂಡಿಸಬೇಡಿ, ಪಲ್ಸನ್ನು ಎಣಿಸಿ. ಇಂಟರಪ್ಟ್‌ನಲ್ಲಿ (ಪಲ್ಸ್ ಬಂದ ಕೂಡಲೇ ಉಳಿದ ಕೆಲಸ ನಿಲ್ಲಿಸಿ ಓಡುವ ಕೋಡ್‌ನಲ್ಲಿ) ಅನ್‌ಸೈನ್ಡ್ ಲಾಂಗ್, ಅಂದರೆ 32 ಬಿಟ್‌ನ ಪೂರ್ಣಾಂಕ, ಒಂದಕ್ಕೆ 1 ಸೇರಿಸಿದರೆ ಸಾಕು. ಅದು ತುಂಬಿ ಸೊನ್ನೆಗೆ ಮರಳಲು ಸುಮಾರು 95 ಲಕ್ಷ ಲೀಟರ್ ಹರಿಯಬೇಕು, ಮತ್ತು ಅಲ್ಲಿಯವರೆಗೆ ಒಂದು ಪಲ್ಸೂ ತಪ್ಪುವುದಿಲ್ಲ. ತೋರಿಸುವಾಗ ಮಾತ್ರ 450ರಿಂದ ಭಾಗಿಸಿ. ಭಾಗಲಬ್ಧ ಲೀಟರ್, ಶೇಷವನ್ನು 1000ದಿಂದ ಗುಣಿಸಿ ಮತ್ತೆ 450ರಿಂದ ಭಾಗಿಸಿದರೆ ಮಿಲಿಲೀಟರ್. ಈ ಗುಣಾಕಾರದಲ್ಲಿ ಎಚ್ಚರ ಬೇಕು: ಉನೋದಲ್ಲಿ ಇಂಟ್ ಎಂಬ ಸಾಮಾನ್ಯ ಪೂರ್ಣಾಂಕ ಎಂದರೆ 16 ಬಿಟ್, ಅದರ ಮಿತಿ 32,767, ಶೇಷ 449 ಇದ್ದಾಗ ಗುಣಲಬ್ಧ 4,49,000. ಆದ್ದರಿಂದ ಶೇಷವನ್ನೂ ಲಾಂಗ್ ಆಗಿಯೇ ಇಟ್ಟುಕೊಳ್ಳಿ.

ಇನ್ನೊಂದು ಕಡೆ ನಾನೇ ಒಂದು ವಾರ ಒದ್ದಾಡಿದ್ದೇನೆ. ಎಂಟು ಬಿಟ್‌ನ ಚಿಪ್ ನಾಲ್ಕು ಬೈಟಿನ ಎಣಿಕೆಯನ್ನು ಒಂದೊಂದೇ ಬೈಟಾಗಿ ಓದುತ್ತದೆ; ನಡುವೆ ಪಲ್ಸ್ ಬಂದರೆ ಅರ್ಧ ಹಳೆಯದು, ಅರ್ಧ ಹೊಸದು ಸೇರಿ ಅಸಂಬದ್ಧ ಅಂಕಿ ಬರುತ್ತದೆ. ಎಣಿಕೆಯನ್ನು ವೊಲಟೈಲ್ (ಪ್ರತಿ ಸಲವೂ ಮೆಮೊರಿಯಿಂದಲೇ ಓದಬೇಕೆಂಬ ಸೂಚನೆ) ಎಂದು ಘೋಷಿಸಿ, ಇಂಟರಪ್ಟ್ ನಿಲ್ಲಿಸಿ, ಬೇರೊಂದು ವೇರಿಯಬಲ್‌ಗೆ ನಕಲು ಮಾಡಿಕೊಂಡು, ಕೂಡಲೇ ಇಂಟರಪ್ಟ್ ಮತ್ತೆ ತೆರೆಯಿರಿ. ಭಾಗಾಕಾರವೆಲ್ಲ ಆ ನಕಲಿನ ಮೇಲೆ ನಡೆಯಲಿ.

ಪಲ್ಸ್ ಇಟ್ಟುಕೊಳ್ಳುವುದರಿಂದ ಸಿಗುವ ಇನ್ನೊಂದು ಅನುಕೂಲ ನನಗೆ ಎಲ್ಲಕ್ಕಿಂತ ಮುಖ್ಯ. 20 ಲೀಟರಿನ ಕ್ಯಾನ್ ತುಂಬಿಸಿ ಅಳೆದಾಗ ನಿಮ್ಮ ಸೆನ್ಸರಿಗೆ ಲೀಟರಿಗೆ 450 ಅಲ್ಲ, 462.5 ಪಲ್ಸ್ ಬಂದಿತೆಂದು ಇಟ್ಟುಕೊಳ್ಳಿ. ಆಗಲೂ ಫ್ಲೋಟ್ ಬೇಡ. ಎಣಿಕೆಯನ್ನು ಎರಡರಿಂದ ಗುಣಿಸಿ 925ರಿಂದ ಭಾಗಿಸಿ, ಗುಣಿಸುವುದರಿಂದ ಮಿತಿ ಅರ್ಧಕ್ಕಿಳಿಯುತ್ತದೆ ಎಂಬುದಷ್ಟು ನೆನಪಿರಲಿ. ಆ ಒಂದು ಸಾಲು ತಿದ್ದಿದರೆ ಕಳೆದ ತಿಂಗಳುಗಳ ಒಟ್ಟು ಲೆಕ್ಕವೂ ತಾನಾಗಿ ಸರಿಯಾಗುತ್ತದೆ.